ಆಮೀಟರ್ ಸೂಜಿ ಕುಣಿದರೆ ಪಾರ್ಟ್ ಬದಲಿಸಬೇಡಿ, ಮೊದಲು ಅಳೆಯಿರಿ

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೇ. ಸಣ್ಣ ವಿಮಾನ ಇಟ್ಟುಕೊಂಡವರು, ರಿಪೇರಿ ಮಾಡುವವರು ಇಬ್ಬರೂ ಓದಿ. ನಾನು ಬಿದ್ದ ಹೊಂಡಕ್ಕೆ ನೀವು ಬೀಳಬೇಡಿ.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಹಳೆಯ ಸೆಸ್ನಾ 172 ಬಜಪೆಗೆ, ಅಂದರೆ ಮಂಗಳೂರು ವಿಮಾನ ನಿಲ್ದಾಣಕ್ಕೆ, ಬಂದು ನಿಂತಿತು. ನಾಲ್ಕು ಸೀಟಿನದು, 14 ವೋಲ್ಟಿನ ಮಾದರಿ. ಮಾಲೀಕರು ಘಟ್ಟದ ಮೇಲಿನವರು. ಏನೇನೋ ಕಾಗದಪತ್ರದ ತಕರಾರಿನಲ್ಲಿ ಅದು ಇಲ್ಲೇ ಉಳಿದು, ಇಡೀ ಮಳೆಗಾಲ ಕವರ್ ಹೊದ್ದುಕೊಂಡು ಕಳೆಯಿತು. ನಮ್ಮ ಮಂಗಳೂರಿನ ಮಳೆ ಗೊತ್ತಲ್ವಾ, ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ. ಮಳೆ ಬಿಟ್ಟ ಮೇಲೂ ಗಾಳಿಯಲ್ಲಿ ಉಪ್ಪು. ನಮ್ಮನೆ ಗೇಟಿನ ಚಿಲಕ ಎರಡು ವರ್ಷಕ್ಕೊಮ್ಮೆ ಕೈಗೆ ಬರುತ್ತದೆ.

ಅಕ್ಟೋಬರಿನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿದರೆ, ಕರೆಂಟಿನ ಹರಿವು ತೋರಿಸುವ ಆಮೀಟರಿನ ಸೂಜಿ ನಡುಗುತ್ತಿತ್ತು. ಸಣ್ಣಗೆ, ಎಡಕ್ಕೆ ಬಲಕ್ಕೆ. ಅದೇ ತಾಳಕ್ಕೆ ಪ್ಯಾನೆಲ್ ಲೈಟೂ ಮಿಣುಕುತ್ತಿತ್ತು. ನೋಡಿದ ಕೂಡಲೇ "ರೆಗ್ಯುಲೇಟರ್ ಹೋಗಿದೆ ಸರ್" ಅಂದುಬಿಟ್ಟೆ. ಇಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವುದು ಆಲ್ಟರ್ನೇಟರ್, ಅದರ ವೋಲ್ಟೇಜನ್ನು ಹದದಲ್ಲಿಡುವುದು ರೆಗ್ಯುಲೇಟರ್. ಮಲ್ಟಿಮೀಟರ್ ಇನ್ನೂ ಬ್ಯಾಗಿನಲ್ಲೇ ಇತ್ತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಜಂಬ, ಬೇರೇನಲ್ಲ.

ಹೊಸ ರೆಗ್ಯುಲೇಟರ್ ಬರಲು ನಾಲ್ಕು ವಾರ ಹಿಡಿಯಿತು. 38,000 ರೂಪಾಯಿ. ಹಾಕಿದೆ, ಸೂಜಿ ನಿಂತಿತು. ನನಗೆ ಖುಷಿಯೋ ಖುಷಿ. ಮೂರನೇ ದಿನ ಮತ್ತೆ ಶುರು. ಈ ಮೂರು ದಿನವೇ ನಿಜವಾದ ಮೋಸ, ಗಮನಿಸಿ. ಹೊಸ ಪಾರ್ಟಿನಿಂದ ಅದು ಸರಿಯಾದದ್ದಲ್ಲ. ಕನೆಕ್ಟರ್ ಬಿಚ್ಚಿ ಹಾಕುವಾಗ ಅದರ ಪಿನ್ ಸ್ವಲ್ಪ ಉಜ್ಜಿ ಶುಭ್ರವಾಗಿತ್ತು, ಅಷ್ಟೇ. ಆಗ ನನಗದು ಹೊಳೆಯಲಿಲ್ಲ. "ಹಾಗಾದ್ರೆ ಬ್ಯಾಟರಿ ಇರಬೇಕು" ಅಂದೆ. ಅದಕ್ಕೂ ಅವರು ದುಡ್ಡು ಕೊಟ್ಟರು.

ವಯರಿಂಗ್ ನೋಡಲೇ ಇಲ್ಲ ಅಂತಲ್ಲ. ಮೀಟರನ್ನು ಬೀಪ್ ಮೋಡಿಗೆ (ವಯರ್ ತುಂಡಾಗಿಲ್ಲದಿದ್ದರೆ ಸದ್ದು ಮಾಡುತ್ತದೆ) ಹಾಕಿ ಒಂದೊಂದೇ ವಯರ್ ಪರೀಕ್ಷೆ ಮಾಡಿದೆ. ಎಲ್ಲ ಕಡೆ ಬೀಪ್ ಅಂದಿತು. ಬ್ಯಾಟರಿ ಹೊಸದು, ಸೂಜಿಯೂ ಅವತ್ತು ಅಲುಗಲಿಲ್ಲ. "ಸರಿಯಾಗಿದೆ, ಹೊರಡಿ" ಅಂದೆ.

ಘಟ್ಟ ಹತ್ತಿರವಾಗುವ ಹೊತ್ತಿಗೆ ಮಾಲೀಕರಿಗೆ ಕೆಂಪು ಲೈಟ್ ಬಂತು, ಅಂದರೆ ಆಲ್ಟರ್ನೇಟರ್ ಆಫ್ ಆಗಿದೆ. ಕೈಪಿಡಿಯಲ್ಲಿ ಹೇಳಿದ ಹಾಗೆ ಮಾಸ್ಟರ್ ಸ್ವಿಚ್ ಒಂದು ಸಲ ಆಫ್ ಮಾಡಿ ಆನ್ ಮಾಡಿದರು. ಐದೇ ನಿಮಿಷಕ್ಕೆ ಮತ್ತೆ ಕೆಂಪು. ಎರಡನೇ ಸಲ ಅದರ ಜೊತೆ ಆಟ ಆಡದೆ ಅಲ್ಲಿಂದಲೇ ತಿರುಗಿಸಿದರು, ಪುಣ್ಯ. ಇಂಜಿನ್ನಿಗೆ ಏನೂ ಆಗಲಿಲ್ಲ, ಯಾಕೆಂದರೆ ಅದರ ಕಿಡಿ ಮ್ಯಾಗ್ನೆಟೋದಿಂದ ಬರುತ್ತದೆ, ಬ್ಯಾಟರಿಯ ಹಂಗಿಲ್ಲ. ಆದರೆ ರೇಡಿಯೋ, ರಾಡಾರಿಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರ್, ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಚಾಚುವ ಫ್ಲ್ಯಾಪ್ ಎಲ್ಲ ಕರೆಂಟಿನದೇ. ಬೇಡದ್ದನ್ನೆಲ್ಲ ಆಫ್ ಮಾಡಿ, ಒಂದು ರೇಡಿಯೋ ಮಾತ್ರ ಇಟ್ಟುಕೊಂಡು ಬಂದರು. ಫ್ಲ್ಯಾಪ್ ಇಳಿಸಲೇ ಇಲ್ಲ. ಬಜಪೆಯ ರನ್‌ವೇ 2,450 ಮೀಟರ್ ಇದೆ, ಫ್ಲ್ಯಾಪ್ ಇಲ್ಲದಿದ್ದರೂ ನಡೆಯಿತು. ಇಳಿದು ಬಂದವರು ನನ್ನ ಮುಖ ನೋಡಿದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಅವತ್ತು ರಾತ್ರಿ ಪಕ್ಕದ ಮನೆಯ ಅಣ್ಣನ ಹತ್ತಿರ ಹೇಳಿಕೊಂಡೆ. ಅವರು ಧಕ್ಕೆಯಲ್ಲಿ, ಅಂದರೆ ಬಂದರಿನಲ್ಲಿ, ಮೀನಿನ ಬೋಟುಗಳ ವಯರಿಂಗ್ ಮಾಡುವವರು. ಪೂರ್ತಿ ಕೇಳಿ, "ಬೀಪ್ ಬಂದ್ರೆ ಎಂತ ಆಯ್ತು ಮಾರಾಯ್ರೆ? ಲೋಡ್ ಹಾಕಿ ವೋಲ್ಟ್ ನೋಡಿದ್ರಾ?" ಅಂದರು.

ನೋಡಿರಲಿಲ್ಲ.

ಮರುದಿನ ನೋಡಿದೆ. ಇಂಜಿನ್ ಸ್ಟಾರ್ಟ್ ಮಾಡುವುದೇ ಬೇಡ, ಪ್ರೊಪೆಲ್ಲರಿನ ಭಯವೂ ಇಲ್ಲ. ಮಾಸ್ಟರ್ ಸ್ವಿಚ್ಚಿನ ಎರಡೂ ಭಾಗ, ಬ್ಯಾಟರಿಯದ್ದೂ ಆಲ್ಟರ್ನೇಟರಿನದ್ದೂ, ಆನ್. ಬರೀ ಬ್ಯಾಟರಿಯ 12 ಚಿಲ್ಲರೆ ವೋಲ್ಟ್ ಕಂಡು ರೆಗ್ಯುಲೇಟರ್ ಆಲ್ಟರ್ನೇಟರಿನ ಫೀಲ್ಡಿಗೆ, ಅಂದರೆ ಅದರೊಳಗಿನ ಅಯಸ್ಕಾಂತದ ಸುರುಳಿಗೆ, ಪೂರ್ತಿ ಕರೆಂಟ್ ಬಿಡುತ್ತದೆ, ನಮ್ಮದರಲ್ಲಿ ಸುಮಾರು 3 ಆಂಪಿಯರ್. ಈಗ ಮೀಟರಿನ ಒಂದು ಕಡ್ಡಿ ಎಲ್ಲ ಕಡೆಗೂ ಕರೆಂಟ್ ಹಂಚುವ ಬಸ್ ಬಾರಿಗೆ, ಇನ್ನೊಂದು ರೆಗ್ಯುಲೇಟರಿಗೆ ಕರೆಂಟ್ ಬರುವ ಟರ್ಮಿನಲ್ಲಿಗೆ. ಮಧ್ಯೆ ಸೊನ್ನೆಯ ಹತ್ತಿರ ಇರಬೇಕು. ಅಲ್ಲಿದ್ದದ್ದು 0.92 ವೋಲ್ಟ್. ತುಂಡು ತುಂಡಾಗಿ ಅಳೆದೆ. ಬ್ರೇಕರಿನಲ್ಲಿ 0.11, ಕನೆಕ್ಟರಿನಲ್ಲಿ 0.17, ಉಳಿದ 0.64 ಪೂರ್ತಿ ಮಾಸ್ಟರ್ ಸ್ವಿಚ್ಚಿನ ಆಲ್ಟರ್ನೇಟರ್ ಭಾಗದ್ದು. ಲೆಕ್ಕ ಹಾಕಿದರೆ ಸ್ವಿಚ್ಚಿನ ಒಳಗೆ 0.2 ಓಮ್ ಚಿಲ್ಲರೆ. ಮೀಟರಿನ ಕಡ್ಡಿಯ ವಯರಿಗೇ ಅಷ್ಟು ಇರುತ್ತದೆ. ಬೀಪ್ ಅನ್ನದೆ ಇನ್ನೇನು ಮಾಡೀತು?

ಈ ಹಳೆಯ ಮಾದರಿಯಲ್ಲಿ ರೆಗ್ಯುಲೇಟರ್ ಬಸ್ಸಿನ ವೋಲ್ಟೇಜ್ ನೋಡುವುದೂ, ಫೀಲ್ಡಿಗೆ ಕರೆಂಟ್ ಕಳಿಸುವುದೂ ಒಂದೇ ವಯರಿನಲ್ಲಿ. ದಾರಿಯಲ್ಲಿ 0.92 ಕಳೆದುಹೋದರೆ ಅದಕ್ಕೆ ವೋಲ್ಟೇಜ್ ಕಮ್ಮಿ ಅನಿಸುತ್ತದೆ, ಕರೆಂಟ್ ಏರಿಸುತ್ತದೆ. ಬಸ್ಸಿನಲ್ಲಿ ವೋಲ್ಟೇಜ್ ಏರಿದ್ದು ಕಂಡು ಫೀಲ್ಡ್ ಇಳಿಸುತ್ತದೆ. ಇಳಿಸಿದ ಕೂಡಲೇ ದಾರಿಯ ನಷ್ಟವೂ ಇಳಿದು ವೋಲ್ಟೇಜ್ ಇನ್ನೂ ಜಾಸ್ತಿ ಕಾಣುತ್ತದೆ, ಮತ್ತಷ್ಟು ಇಳಿಸುತ್ತದೆ. ಆಮೇಲೆ ಪುನಃ ಏರಿಸಬೇಕು. ಸೂಜಿ ಕುಣಿಯುವುದು ಇದೇ. ಏರಿದ ತುದಿ ಮಿತಿ ದಾಟಿದ ದಿನ ಓವರ್ ವೋಲ್ಟೇಜ್ ರಿಲೇ ಆಲ್ಟರ್ನೇಟರನ್ನು ಆಫ್ ಮಾಡಿಬಿಡುತ್ತದೆ, ಕೆಂಪು ಲೈಟ್ ಬರುತ್ತದೆ.

ಅಣ್ಣ ಬೋಟಿನ ಸ್ವಿಚ್ ಕೊಡ್ತೇನೆ ಅಂದರು. ವಿಮಾನಕ್ಕೆ ಹಾಗೆಲ್ಲ ಹಾಕುವ ಹಾಗಿಲ್ಲ, ಅದರದ್ದೇ ಪಾರ್ಟ್ ನಂಬರಿನದು ಬೇಕು. ತರಿಸಿದೆ. ಬ್ರೇಕರನ್ನೂ ಬದಲಿಸಿ, ಕನೆಕ್ಟರಿನ ಪಿನ್ ಹೊಸದು ಹಾಕಿದೆ. ಸುಮ್ನೆ ಕ್ಲೀನರ್ ಸ್ಪ್ರೇ ಹೊಡೆದು ಬಿಡಬೇಡಿ, ಮತ್ತೆ ಮೂರು ದಿನದ ಖುಷಿ ಅಷ್ಟೇ. ಕೊನೆಗೆ ಅಳೆದರೆ 0.08.

ಮಾಲೀಕರಿಗೆ ಒಂದು ಮಾತು. "ರೆಗ್ಯುಲೇಟರ್ ಹೋಗಿದೆ" ಅಂತ ನನ್ನಂಥವನು ಹೇಳಿದರೆ, ಬಸ್ಸಿನಲ್ಲಿ ಎಷ್ಟು, ರೆಗ್ಯುಲೇಟರಿನ ಹತ್ತಿರ ಎಷ್ಟು ಅಂತ ಕೇಳಿ. ನಂಬರ್ ಹೇಳದಿದ್ದರೆ ಪಾರ್ಟ್ ತರಿಸಬೇಡಿ.

ಹಳೆಯ ಸ್ವಿಚ್ ಬಿಚ್ಚಿ ನೋಡಿದೆ. ಒಳಗಿನ ತಾಮ್ರದ ಮೇಲೆ ಕಾಡಿಗೆಯಂಥ ಪೊರೆ, ಅಂಚಿಗೆ ಹಸಿರು. ಬಿಚ್ಚಿಟ್ಟಿದ್ದ ಹಳೆಯ ರೆಗ್ಯುಲೇಟರನ್ನೂ ಬೆಂಚಿನ ಮೇಲಿಟ್ಟು ಪರೀಕ್ಷೆ ಮಾಡಿದೆ. ಚೆನ್ನಾಗಿಯೇ ಇದೆ. ಆ 38,000 ನಾನೇ ವಾಪಸ್ ಕೊಟ್ಟೆ. ಬ್ಯಾಟರಿಯ ದುಡ್ಡು ಇರಲಿ ಬಿಡಿ ಅಂದರು ಅವರು.