ನರ್ಸಿಂಗ್ ಹೋಮಾ, ಸರ್ಕಾರಿ ಆಸ್ಪತ್ರೆನಾ? ಎರಡೂ ಕಡೆ ಹೆತ್ತವಳ ಮಾತು

ಮೊದಲನೇ ಬಸುರಿಗೆ ಬೆಂಗಳೂರಿನ ಒಂದು ನರ್ಸಿಂಗ್ ಹೋಮ್, ಎರಡನೆಯದಕ್ಕೆ ತವರಿನ ತಾಲ್ಲೂಕು ಆಸ್ಪತ್ರೆ. ಖರ್ಚು, ಬೆಡ್ಡು, ಬಾತ್‌ರೂಮಿನ ಕಥೆ ಎಲ್ಲರೂ ಹೇಳ್ತಾರೆ. ನಾನು ಹೇಳೋದು ಯಾರು ನನ್ನ ಜೊತೆ ಅರ್ಥವಾಗೋ ಹಾಗೆ ಮಾತಾಡಿದರು ಅನ್ನೋದನ್ನ.

ನರ್ಸಿಂಗ್ ಹೋಮಿನ ಡಾಕ್ಟರ್ ನಗುನಗುತ್ತಲೇ ಮಾತಾಡಿಸುತ್ತಿದ್ದರು. ಆದರೆ "ಎಲ್ಲ ನಾರ್ಮಲ್" ಅಂದು ಚೀಟಿ ಬರೆದರೆ ಮುಗೀತು, ಹೊರಗೆ ಮುಂದಿನ ಟೋಕನ್ ಕೂಗುತ್ತಿದ್ದರು. ಐರನ್ ಮಾತ್ರೆ ತಗೊಂಡರೆ ಮಲ ಕಪ್ಪಗಾಗುತ್ತದೆ ಅಂತ ಯಾರೂ ಹೇಳಲಿಲ್ಲ. ನಾನು ಹೆದರಿ ಮಾತ್ರೆ ನಿಲ್ಲಿಸಿಬಿಟ್ಟೆ, ಕೇಳೋಕೆ ನಾಚಿಕೆ ಬೇರೆ. ಏಳನೇ ತಿಂಗಳಲ್ಲಿ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು, 11 ಆದರೂ ಇರಬೇಕಿತ್ತು. ಮೊದಲೇ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ವಾ?

ಊರಲ್ಲಿ ಡಾಕ್ಟರ್ ಕೈಗೆ ಸಿಗೋದೇ ಕಷ್ಟ. ತಿಂಗಳ 9ನೇ ತಾರೀಖು ಗರ್ಭಿಣಿಯರ ತಪಾಸಣೆ, ಆವತ್ತು ಬೆಂಚು ತುಂಬಿ ನೆಲದ ಮೇಲೂ ಕೂತಿರುತ್ತಿದ್ದೆವು. ಆದರೆ ಆಶಾ ಅಕ್ಕ ಮನೆಗೇ ಬಂದು, ಜಗಲಿ ಮೇಲೆ ಕೂತು, ತಾಯಿ ಕಾರ್ಡ್ ಬಿಡಿಸಿ ಒಂದೊಂದೇ ಸಾಲು ಓದಿ ಹೇಳುತ್ತಿದ್ದರು. ಮಾತ್ರೆ ಕಾಫಿ ಜೊತೆ ಬೇಡ, ಕಪ್ಪಗಾದರೆ ಗಾಬರಿ ಬೀಳಬೇಡ ಅಂತ ನಾನು ಕೇಳೋ ಮೊದಲೇ ಅಂದರು. ಎಂಟನೇ ತಿಂಗಳಲ್ಲಿ ಒಂದು ಬಟ್ಟಲಿಗೆ 10 ಅವರೆಕಾಳು ಹಾಕಿಕೊಟ್ಟರು. ಊಟ ಆದ ಮೇಲೆ ಎಡಕ್ಕೆ ಮಲಗಿ, ಮಗು ಒದ್ದಾಗೆಲ್ಲ ಒಂದು ಕಾಳು ಇನ್ನೊಂದು ಬಟ್ಟಲಿಗೆ. "ಎರಡು ಗಂಟೆ ಆದ್ರೂ ಕಾಳು ಖಾಲಿ ಆಗಲಿಲ್ಲ ಅಂದ್ರೆ ನನಗೆ ಕಾಯ್ಬೇಡ ಕಣಮ್ಮ, ಸೀದಾ ಆಸ್ಪತ್ರೆಗೆ ಹೊರಡು." ಅಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೆರಿಗೆ ಕೋಣೆಯಲ್ಲಿ ಮಾತ್ರ ಪೂರ್ತಿ ಉಲ್ಟಾ. ತಾಲ್ಲೂಕು ಆಸ್ಪತ್ರೆಯಲ್ಲಿ "ಕೂಗಬೇಡ, ಸುಮ್ನಿರು" ಅಂತ ಗದರಿದರು. ಮುಟ್ಟಿ ಪರೀಕ್ಷೆ ಮಾಡೋ ಮುಂಚೆ ಒಂದು ಮಾತಿಲ್ಲ. ಅಮ್ಮನನ್ನು ಹೊರಗೇ ನಿಲ್ಲಿಸಿದರು, ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆ ಸುಧಾರಿಸೋಕೆ ಅಂತ 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಲಕ್ಷ್ಯ ಯೋಜನೆಯಲ್ಲಿ ಹೆರಿಗೆ ಹೊತ್ತಲ್ಲಿ ಜೊತೆಗೊಬ್ಬರು ಇರಬಹುದು ಅಂತಿದ್ದರೂ. ಇದು ನನಗೆ ಇವತ್ತಿಗೂ ನೋವು. ನರ್ಸಿಂಗ್ ಹೋಮಿನ ಸಿಸ್ಟರ್ ಕೈಗೆ ಗ್ಲೌಸ್ ಹಾಕಿಕೊಳ್ಳುತ್ತಲೇ "ಈಗ ಒಳಗೆ ನೋಡ್ತೀನಮ್ಮ, ಸ್ವಲ್ಪ ನೋವಾಗುತ್ತೆ, ಸಾಕು ಅಂದ್ರೆ ನಿಲ್ಲಿಸ್ತೀನಿ" ಅಂದಿದ್ದರು. ಒಂದು ಸಲ ಸಾಕು ಅಂದೆ, ನಿಜವಾಗಿಯೂ ನಿಲ್ಲಿಸಿದರು.

ತಂಗಿಗೆ ಈಗ ಐದು ತಿಂಗಳು. ಹೆರಿಗೆಗೆ ಅದೇ ನರ್ಸಿಂಗ್ ಹೋಮ್‌ಗೆ ಹೋಗು ಅಂದಿದ್ದೀನಿ, ಆದರೆ ತಾಯಿ ಕಾರ್ಡ್ ಮಾಡಿಸ್ಕೋ, ಆಶಾ ಅಕ್ಕನ ನಂಬರ್ ಇಟ್ಕೋ ಅಂತಲೂ. ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರ್ಕೊಂಡು ಹೋಗು, ಮುಂದಿನ ಟೋಕನ್ ಕೂಗಿದರೂ ಅದು ಮುಗಿಯೋವರೆಗೆ ಕುರ್ಚಿ ಬಿಟ್ಟು ಏಳಬೇಡ ಅಂದೆ.