ನರಸಾಪುರ, ವೇಮಗಲ್ ಯೂನಿಟ್‌ಗಳಿಗೆ ಲಂಚ-ತಡೆ ಪ್ಯಾಕೇಜ್: ತರಬೇತಿ ತಗೊಳ್ಳಿ, ಫೈಲ್ ತಿದ್ದಿಸಿಕೊಳ್ಳಿ

ಬ್ರಿಟನ್, ಯುರೋಪ್ ಕಡೆಗೆ ಬಿಡಿಭಾಗ ಕಳಿಸುವ ಯೂನಿಟ್‌ಗಳಿಗೆ ಈಗ ಪರ್ಚೇಸ್ ಆರ್ಡರ್ ಜೊತೆಗೆ ಒಂದು ಪ್ರಶ್ನಾವಳಿಯೂ ಬರುತ್ತದೆ. ಲಂಚ ಮತ್ತು ವಂಚನೆ ತಡೆಯಲು ಲಿಖಿತ ನೀತಿ ಇದೆಯೇ, ಸಿಬ್ಬಂದಿಗೆ ತರಬೇತಿ ಆಗಿದೆಯೇ, ಏಜೆಂಟರ ಹಿನ್ನೆಲೆ ನೋಡಿದ್ದೀರಾ ಎಂದೆಲ್ಲ ಅದರಲ್ಲಿ ಕೇಳಿರುತ್ತಾರೆ. ಇದಕ್ಕೆಂದೇ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಪ್ಯಾಕೇಜ್ ಮಾರುತ್ತಿದೆ. ಒಂದು ದಿನದ ತರಬೇತಿ, ನೀತಿ-ನಮೂನೆಗಳ ಫೈಲ್, ಗೋಡೆಗೆ ಹಾಕುವ ಪೋಸ್ಟರ್, ಕೊನೆಗೊಂದು ಸರ್ಟಿಫಿಕೇಟ್. ತರಬೇತಿಗೆ ಕೊಟ್ಟ ದುಡ್ಡು ವ್ಯರ್ಥವಾಗುವುದಿಲ್ಲ. ಫೈಲನ್ನು ಮಾತ್ರ ಇದ್ದ ಹಾಗೇ ಸಹಿ ಹಾಕಿ ಕಳಿಸಿದರೆ ಯೂನಿಟ್‌ಗೇ ತೊಂದರೆ.

ತರಬೇತಿ ಪೂರ್ತಿ ಕನ್ನಡದಲ್ಲಿ ನಡೆಯುತ್ತದೆ. ಮಾಲೀಕರ ಜೊತೆಗೆ ಅಕೌಂಟ್ಸ್, ಸ್ಟೋರ್ಸ್, ಡಿಸ್ಪ್ಯಾಚ್ ನೋಡಿಕೊಳ್ಳುವವರನ್ನೂ ಕೂರಿಸುತ್ತಾರೆ. ಹಣ ಕೈ ದಾಟುವುದು ಇವರ ಟೇಬಲ್‌ಗಳಲ್ಲೇ ಆದ್ದರಿಂದ ಇದು ಸರಿಯಾದ ಕ್ರಮ.

ಮಧ್ಯಾಹ್ನದ ಪಾಠ ಇಡೀ ದಿನದಲ್ಲೇ ಉತ್ತಮ. ಕಸ್ಟಮ್ಸ್ ಕೆಲಸ ಮಾಡಿಕೊಡುವ ಕ್ಲಿಯರಿಂಗ್ ಏಜೆಂಟ್ ಬಿಲ್ಲೊಂದನ್ನು ಪರದೆ ಮೇಲೆ ಹಾಕಿ ಸಾಲು ಸಾಲಾಗಿ ಓದಿಸುತ್ತಾರೆ. ಏಜೆನ್ಸಿ ಚಾರ್ಜ್‌ಗೆ ಜಿಎಸ್‌ಟಿ ಇದೆ, ಹ್ಯಾಂಡ್ಲಿಂಗ್ ಮತ್ತು ಸಾಗಣೆ ಖರ್ಚಿಗೆ ರಸೀದಿ ಲಗತ್ತಾಗಿದೆ. ಕೆಳಗೆ ‘ಇತರೆ ಖರ್ಚು’ ಎಂದು ರೌಂಡ್ ಮೊತ್ತದ ಒಂದು ಸಾಲು. ಅದಕ್ಕೆ ರಸೀದಿಯೂ ಇಲ್ಲ, ವಿವರವೂ ಇಲ್ಲ. ಕಾನೂನಿನ ಕಣ್ಣು ಬೀಳುವುದು ಆ ಸಾಲಿನ ಮೇಲೆ. 2018ರ ತಿದ್ದುಪಡಿಯ ನಂತರ ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಯ 9ನೇ ಕಲಂ ಪ್ರಕಾರ, ಸಂಸ್ಥೆಯ ಪರವಾಗಿ ಏಜೆಂಟ್ ಲಂಚ ಕೊಟ್ಟರೂ ಸಂಸ್ಥೆಯೇ ಹೊಣೆ. ಪಾಲುದಾರಿಕೆ ಫರ್ಮ್ ಕೂಡ ಇದರೊಳಗೆ ಬರುತ್ತದೆ. ಮಾಲೀಕರು ಗೊತ್ತಿದ್ದೂ ಒಪ್ಪಿದ್ದರೆ 10ನೇ ಕಲಂನಲ್ಲಿ 3ರಿಂದ 7 ವರ್ಷ ಜೈಲು. ಹಾಗಾಗಿ ಆ ಸಾಲನ್ನು ತಡೆಹಿಡಿದು, ಏಜೆಂಟ್‌ನಿಂದ ಬರಹದಲ್ಲಿ ವಿವರಣೆ ಕೇಳಿ, ರಸೀದಿ ಬಂದರೆ ಮಾತ್ರ ಪಾಸ್ ಮಾಡಿ ಎನ್ನುತ್ತಾರೆ. ಅದನ್ನೇ ಪೆಟ್ಟಿ ಕ್ಯಾಶ್‌ನಲ್ಲಿ ‘ಟೀ, ಕಾಫಿ’ ಎಂದು ಬರೆದು ಮುಗಿಸಿದರೆ ಲಂಚದ ಜೊತೆಗೆ ಸುಳ್ಳು ಲೆಕ್ಕವೂ ಸೇರಿಕೊಳ್ಳುತ್ತದೆ.

ಐಟಿ ಕಂಪನಿ ಕಾಗ್ನಿಜೆಂಟ್ ಪ್ರಕರಣದ ಉದಾಹರಣೆಯೂ ಇಲ್ಲಿ ಚೆನ್ನಾಗಿ ಹೊಂದಿದೆ. ಚೆನ್ನೈ ಕ್ಯಾಂಪಸ್ಸಿನ ಕಟ್ಟಡ ಅನುಮತಿಗಾಗಿ ಗುತ್ತಿಗೆದಾರರ ಮೂಲಕ ಲಂಚ ಹೋಯಿತು, ಆ ಹಣವನ್ನು ಹೆಚ್ಚುವರಿ ಕೆಲಸದ ಬಿಲ್ಲಿನಲ್ಲಿ ಮರೆಮಾಚಲಾಯಿತು ಎಂಬುದು ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಆರೋಪ. 2019ರಲ್ಲಿ ಕಂಪನಿ ಸುಮಾರು 2.5 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡಿತು.

ಇನ್ನು ಫೈಲ್. ಅದರ ‘ವಿದೇಶಿ ಕಾನೂನು’ ಪುಟ ಅರ್ಧ ಸತ್ಯ ಹೇಳುತ್ತದೆ. 2025ರ ಫೆಬ್ರವರಿ 10ರಂದು ಟ್ರಂಪ್ ಆದೇಶದಿಂದ ಎಫ್‌ಸಿಪಿಎ (ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಅಮೆರಿಕದ ಕಾಯ್ದೆ) ಜಾರಿಗೆ ತಡೆ ಬಿತ್ತು, ಇನ್ನು ಅಮೆರಿಕದ ಭಯವಿಲ್ಲ ಎಂದು ಬರೆದಿದ್ದಾರೆ. ಅದೇ ವರ್ಷ ಜೂನ್ 9ರಂದು ಅಲ್ಲಿನ ನ್ಯಾಯ ಇಲಾಖೆ ಹೊಸ ಮಾರ್ಗಸೂಚಿ ಹೊರಡಿಸಿ ಜಾರಿಯನ್ನು ಮತ್ತೆ ಶುರು ಮಾಡಿದ ವಿಷಯ ಅದರಲ್ಲಿಲ್ಲ. ಅಮೆರಿಕನ್ ಕಂಪನಿಗಳಿಗೆ ಪೈಪೋಟಿಯಲ್ಲಿ ನಷ್ಟ ಮಾಡುವ ಲಂಚಕ್ಕೆ ಅಲ್ಲಿ ಆದ್ಯತೆ ಕೊಟ್ಟಿದ್ದಾರೆ. ವಿದೇಶಿ ಕಂಪನಿಗಳು ನಿಶ್ಚಿಂತೆಯಿಂದ ಇರುವಂತಿಲ್ಲ. 1977ರ ಆ ಕಾಯ್ದೆ ರದ್ದಾಗಿಲ್ಲ. ಲಂಚದ ಆರೋಪ ಹೂಡಲು 5 ವರ್ಷ ಕಾಲಾವಕಾಶವೂ ಇದೆ.

ಇದಕ್ಕಿಂತ ದೊಡ್ಡ ತಪ್ಪು, ‘ಕೆಲಸ ಬೇಗ ಆಗಲು ಕೊಡುವ ಸಣ್ಣ ಮೊತ್ತಕ್ಕೆ ವಿನಾಯಿತಿ’ ಎಂಬ ಷರತ್ತು. ಇದು ಅಮೆರಿಕದ ಕಾಯ್ದೆಯಿಂದ ಎತ್ತಿದ್ದು. ಬ್ರಿಟನ್‌ನ 2010ರ ಲಂಚ ಕಾಯ್ದೆಯಲ್ಲಿ ಇಂಥ ವಿನಾಯಿತಿ ಇಲ್ಲ, ಭಾರತದಲ್ಲಂತೂ ಇಲ್ಲವೇ ಇಲ್ಲ. ಈ ಷರತ್ತಿರುವ ನೀತಿಗೆ ಸಹಿ ಹಾಕುವುದೆಂದರೆ ಮಾಮೂಲು ಕೊಡುತ್ತೇವೆ ಎಂದು ನಾವೇ ಬರೆದುಕೊಟ್ಟ ಹಾಗೆ. ಇದನ್ನು ಹೊಡೆದು ಹಾಕಿಸದೆ ಫೈಲ್ ತೆಗೆದುಕೊಳ್ಳಬೇಡಿ.

2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಬ್ರಿಟನ್‌ನ ‘ವಂಚನೆ ತಡೆಯದ ಅಪರಾಧ’ದ (ಸಂಸ್ಥೆಯ ಲಾಭಕ್ಕಾಗಿ ಅದರ ಸಿಬ್ಬಂದಿ, ಏಜೆಂಟರು ಮಾಡುವ ವಂಚನೆಯನ್ನು ತಡೆಯದಿದ್ದರೆ ಸಂಸ್ಥೆಯ ಮೇಲೆಯೇ ಬರುವ ಕೇಸ್) ಬಗ್ಗೆ ಫೈಲ್ ವಿಪರೀತ ಹೆದರಿಸುತ್ತದೆ. ಅದು ನೇರವಾಗಿ ಅನ್ವಯಿಸುವುದು ದೊಡ್ಡ ಸಂಸ್ಥೆಗಳಿಗೆ. 250ಕ್ಕಿಂತ ಹೆಚ್ಚು ನೌಕರರು, 3.6 ಕೋಟಿ ಪೌಂಡ್ ಮೀರಿದ ವಹಿವಾಟು, 1.8 ಕೋಟಿ ಪೌಂಡ್ ಮೀರಿದ ಆಸ್ತಿ, ಈ ಮೂರರಲ್ಲಿ ಎರಡಾದರೂ ಇರಬೇಕು. 60 ಜನರ ಮಷೀನ್ ಶಾಪ್‌ಗೆ ಅದು ಮುಟ್ಟುವುದು ಗ್ರಾಹಕರ ಕಾಂಟ್ರಾಕ್ಟ್ ಷರತ್ತಿನ ಮೂಲಕ. ಆ ಷರತ್ತನ್ನು ಸಾಲು ಬಿಡದೆ ಓದಿಸುವ ಕೆಲಸ ಈ ಪ್ಯಾಕೇಜ್‌ನಲ್ಲಿ ಇರಬೇಕಿತ್ತು, ಇಲ್ಲ.

ದೂರಿನ ಪುಟ ಹಳತಾಗಿದೆ. ಅದರಲ್ಲಿ ಎಸಿಬಿ (ರಾಜ್ಯದ ಭ್ರಷ್ಟಾಚಾರ ನಿಗ್ರಹ ದಳ) ಹೆಸರಿದೆ. ಹೈಕೋರ್ಟ್ 2022ರ ಆಗಸ್ಟ್‌ನಲ್ಲೇ ಎಸಿಬಿಯನ್ನು ರದ್ದು ಮಾಡಿತು. ಈಗ ಹೋಗಬೇಕಾದ್ದು ಲೋಕಾಯುಕ್ತ ಪೊಲೀಸರ ಬಳಿಗೆ. ಬಲವಂತಕ್ಕೆ ಸಿಕ್ಕಿ ಲಂಚ ಕೊಟ್ಟವರು 7 ದಿನದೊಳಗೆ ತಿಳಿಸಿದರೆ ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಂ ರಕ್ಷಣೆ ಸಿಗುತ್ತದೆ. ಮೊದಲೇ ತಿಳಿಸಿ ಟ್ರ್ಯಾಪ್‌ಗೆ ಸಹಕರಿಸಿದವರಿಗೂ ರಕ್ಷಣೆಯಿದೆ. ಮಾಲೀಕರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಈ ಮಾತೇ ಪೋಸ್ಟರ್‌ನಲ್ಲೂ ಇಲ್ಲ, ಫೈಲ್‌ನಲ್ಲೂ ಇಲ್ಲ. 7 ದಿನದ ಲೆಕ್ಕವನ್ನು ದಪ್ಪಕ್ಷರದಲ್ಲಿ ಹಾಕಿಸಿಕೊಳ್ಳಿ.

ಉಡುಗೊರೆ ರಿಜಿಸ್ಟರ್ ನಮೂನೆ ಪರವಾಗಿಲ್ಲ. ದೀಪಾವಳಿ ಸ್ವೀಟ್ ಬಾಕ್ಸ್‌ನಿಂದ ಹಿಡಿದು ಯಾರಿಗೆ, ಯಾಕೆ, ಎಷ್ಟರದ್ದು, ಯಾರು ಒಪ್ಪಿದರು ಎಂಬ ಕಾಲಂಗಳಿವೆ.

ಸರ್ಟಿಫಿಕೇಟ್ ಮೇಲೆ ‘ಐಎಸ್‌ಒ 37001:2016ಕ್ಕೆ ಅನುಗುಣ’ ಎಂದು ಅಚ್ಚಾಗಿದೆ. ಅದು ಲಂಚ-ತಡೆ ವ್ಯವಸ್ಥೆಯ ಅಂತರರಾಷ್ಟ್ರೀಯ ಮಾನದಂಡ; 2025ರಲ್ಲಿ ಅದರ ಹೊಸ ಆವೃತ್ತಿ ಬಂದಾಗಿದೆ. ಮಾನ್ಯತೆ ಪಡೆದ ಸಂಸ್ಥೆ ಆಡಿಟ್ ಮಾಡಿ ಕೊಡುವ ಪ್ರಮಾಣಪತ್ರವೇ ಬೇರೆ, ಇದು ತರಬೇತಿಗೆ ಹಾಜರಾದ ಪತ್ರ. ಇದನ್ನು ನಂಬಿ ಪ್ರಶ್ನಾವಳಿಯಲ್ಲಿ ‘ಐಎಸ್‌ಒ ಪ್ರಮಾಣಿತ’ ಎಂದು ಟಿಕ್ ಹಾಕಿದರೆ ಗ್ರಾಹಕರಿಗೆ ಸುಳ್ಳು ಹೇಳಿದಂತಾಗುತ್ತದೆ, ಆರ್ಡರ್ ರದ್ದಾಗಲು ಅದೊಂದೇ ಸಾಕು. ‘ತರಬೇತಿ ಮುಗಿದಿದೆ, ಏಜೆಂಟರ ಪರಿಶೀಲನೆ ನಡೆಯುತ್ತಿದೆ, ಇಂಥ ತಿಂಗಳೊಳಗೆ ಮುಗಿಯುತ್ತದೆ’ ಎಂದು ಇದ್ದದ್ದನ್ನೇ ಬರೆದು, ತರಬೇತಿಯ ಹಾಜರಿ ಪಟ್ಟಿಯನ್ನು ಜೊತೆಗಿಟ್ಟು ಕಳಿಸಿ.