ಕಾರಿನ ನೆತ್ತಿಯ ಮೇಲೊಂದು ಪೆಟ್ಟಿಗೆ: ಮೂರು ವರ್ಷ ಬಳಸಿದ ನಂತರ

ಏಳು ಆಸನದ ಕಾರಿನಲ್ಲಿ ಮೂರನೆಯ ಸಾಲಿಗೂ ಜನ ಕೂತರೆ ಸಾಮಾನಿಗೆ ಜಾಗವಿರುವುದಿಲ್ಲ ಎಂಬುದು ಮೊದಲ ದೂರಪ್ರಯಾಣದಲ್ಲಿಯೇ ಗೊತ್ತಾಗುತ್ತದೆ. ನಮ್ಮದು ಮಾರುತಿ ಎರ್ಟಿಗಾ. ಹಿಂದಿನ ಸೀಟನ್ನು ಮಡಚದೆ ಇದ್ದಾಗ ಅದರ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್ ಜಾಗ, ಅಂದರೆ ಎರಡು ಸಾಧಾರಣ ಸೂಟ್‌ಕೇಸು ಮತ್ತು ಅವುಗಳ ಮೇಲೆ ಬುತ್ತಿಯ ಚೀಲ. ನಾವು ಇಬ್ಬರು, ಇಬ್ಬರು ಮಕ್ಕಳು, ಅಪ್ಪ ಮತ್ತು ಅಮ್ಮ, ಹೀಗೆ ಆರು ಜನ ವರ್ಷಕ್ಕೆ ಮೂರು ಬಾರಿಯಾದರೂ ಬೆಂಗಳೂರಿನಿಂದ ಸುಮಾರು 400 ಕಿ.ಮೀ. ದೂರದ ಶಿರಸಿಗೆ, ಹೆಂಡತಿಯ ತವರಿಗೆ ಹೋಗುತ್ತೇವೆ. ಅಲ್ಲಿಂದ ಜೋಗಕ್ಕೋ, ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೋ ಒಂದು ಸುತ್ತು ಇದ್ದೇ ಇರುತ್ತದೆ. ಹೀಗಾಗಿ ಕಾರಿನ ಮೇಲೆ ಏನಾದರೂ ಕಟ್ಟಲೇಬೇಕಾಯಿತು.

ಮೊದಲು ಕೊಂಡದ್ದು ಬಟ್ಟೆಯ ಚೀಲ. ಅಡ್ಡ ಬಾರ್‌ಗಳ ಗೊಡವೆಯಿಲ್ಲದೆ ನೇರವಾಗಿ ಟಾಪಿನ ಮೇಲಿಟ್ಟು, ಪಟ್ಟಿಗಳನ್ನು ಬಾಗಿಲುಗಳ ಒಳಗಿನಿಂದ ಹಾಯಿಸಿ ಬಿಗಿಯುವ ಬಗೆಯದು. ನೀರು ನುಗ್ಗುವುದಿಲ್ಲ ಎಂದು ಅದರ ಮೇಲೆಯೇ ಬರೆದಿತ್ತು, ಮತ್ತು ಆ ಮಾತು ಸುಳ್ಳೂ ಅಲ್ಲ, ಏಕೆಂದರೆ ಚೀಲದೊಳಗಿನ ಬಟ್ಟೆಗಳು ಒದ್ದೆಯಾಗಲಿಲ್ಲ. 2022ರ ಜುಲೈನಲ್ಲಿ ಹಾವೇರಿಯ ಬಳಿ ಹೆದ್ದಾರಿ ಬಿಟ್ಟು ಶಿರಸಿಯ ಕಡೆಗೆ ಹೊರಳಿದ ಮೇಲೆ ಒಂದೇ ಸಮನೆ ಮಳೆ ಹಿಡಿಯಿತು. ಬಾಗಿಲಿನ ರಬ್ಬರನ್ನು ಪಟ್ಟಿಯ ದಪ್ಪ ಒಂದಿಷ್ಟು ಎತ್ತಿ ಹಿಡಿದಿತ್ತು. ಮಳೆಯ ನೀರು ಆ ಪಟ್ಟಿಯನ್ನೇ ದಾರಿ ಮಾಡಿಕೊಂಡು, ದೀಪದ ಬತ್ತಿ ಎಣ್ಣೆ ಹೀರುವಂತೆ ಹೀರಿ, ಮಧ್ಯದ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಅಪ್ಪನ ಹೆಗಲ ಮೇಲೆ ತೊಟ್ಟಿಕ್ಕತೊಡಗಿತು. ಅವರು ಅರ್ಧ ಗಂಟೆ ಏನೂ ಹೇಳದೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದರು. ಆ ಚೀಲವನ್ನು ಆಮೇಲೆ ನಾವು ಮಳೆಯಿಲ್ಲದ ಕಾಲದಲ್ಲೂ ಕಟ್ಟಲಿಲ್ಲ.

ಉಳಿದ ಆಯ್ಕೆಗಳು ಎರಡು. ಟ್ಯಾಕ್ಸಿಗಳ ಮೇಲೆ ಕಾಣುವ ಕಬ್ಬಿಣದ ಕ್ಯಾರಿಯರ್ ಒಂದು, ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ಕಿನ ರೂಫ್ ಬಾಕ್ಸ್ ಇನ್ನೊಂದು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಒಂದು ಇಡೀ ಶನಿವಾರ ಕಳೆದೆ. ಕಬ್ಬಿಣದ ಕ್ಯಾರಿಯರ್ ಅಗ್ಗ, ಮುರಿದರೆ ಯಾವ ಊರಿನಲ್ಲೂ ವೆಲ್ಡಿಂಗ್ ಆಗುತ್ತದೆ, ಮತ್ತು ಎಂತಹ ವಕ್ರ ಆಕಾರದ ಸಾಮಾನಿಗೂ ಜಾಗ ಕೊಡುತ್ತದೆ. ಆದರೆ ಪ್ರತಿ ಪ್ರಯಾಣಕ್ಕೂ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯಬೇಕು, ಮತ್ತು ಊಟಕ್ಕೆ ಇಳಿದಾಗ ಒಬ್ಬರು ಕಾರಿನ ಬಳಿ ನಿಲ್ಲಬೇಕು. ಅಂಬಾಸಡರ್ ಕಾಲದಲ್ಲಿ ಟಾಪಿನ ಎರಡೂ ಅಂಚಿಗೆ ಮಳೆನೀರು ಹರಿಯುವ ಕಾಲುವೆಯಂಥ ಏಣು ಇರುತ್ತಿತ್ತು. ಕ್ಯಾರಿಯರಿನ ಕಾಲುಗಳನ್ನು ಅದಕ್ಕೇ ಕಚ್ಚಿಸುತ್ತಿದ್ದರು. ಈಗಿನ ಕಾರುಗಳಲ್ಲಿ ಅಂತಹ ಏಣಿಲ್ಲ. ಒಬ್ಬ ಅಂಗಡಿಯವರು ಟಾಪಿಗೆ ತೂತು ಕೊರೆದು ಬೋಲ್ಟ್ ಹಾಕಿಕೊಡುವುದಾಗಿ ಹೇಳಿದಾಗ ನಾನು ನಮಸ್ಕಾರ ಹೇಳಿ ಹೊರಬಂದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಟಿಗೆ ಮಿತಿ ಹಾಕುತ್ತದೆ ಎಂಬುದು ಒಂದು ಮಾತು. ಕೊರೆದ ತೂತಿನಿಂದ ತುಕ್ಕು ಹಬ್ಬಿ ಮಲೆನಾಡಿನ ಮಳೆ ಒಳಗೆ ಇಳಿಯುತ್ತದೆ ಎಂಬುದು ಅದಕ್ಕಿಂತ ಹತ್ತಿರದ ಭಯ.

ಕೊನೆಗೆ 2022ರ ದಸರೆಗೆ ಮುಂಚೆ, ಬಾಗಿಲ ಚೌಕಟ್ಟಿಗೆ ಕ್ಲಾಂಪ್ ಕಚ್ಚಿ ನಿಲ್ಲುವ ಎರಡು ಅಲ್ಯುಮಿನಿಯಂ ಬಾರ್‌ಗಳನ್ನು ಮತ್ತು 400 ಲೀಟರಿನ ಎಬಿಎಸ್ ಪ್ಲಾಸ್ಟಿಕ್ಕಿನ ಬಾಕ್ಸೊಂದನ್ನು ಕೊಂಡೆ. ಎರಡೂ ಸೇರಿ 41,000 ರೂಪಾಯಿ ಆಯಿತು. ಮೊದಲ ಬಾರಿ ಕಟ್ಟಿದ ದಿನ ಅಮ್ಮ ಹೊರಗೆ ಬಂದು ನೋಡಿ, "ಇದೇನೋ ಇದು, ಹೆಣದ ಪೆಟ್ಟಿಗೆ ಹೊತ್ತುಕೊಂಡ ಹಾಗಿದೆ" ಎಂದರು. ಬಣ್ಣ ಕಪ್ಪಾದದ್ದು ನನ್ನ ತಪ್ಪು. ಬೂದು ಬಣ್ಣದ್ದು ಸಿಕ್ಕಿದ್ದರೆ ಬಿಸಿಲಿಗೆ ಇಷ್ಟು ಕಾಯುತ್ತಲೂ ಇರಲಿಲ್ಲ.

ಬಾಕ್ಸ್ ಮಾರುವವರು ಎಲ್ಲೆಡೆಯೂ ಲೀಟರಿನ ಲೆಕ್ಕವನ್ನೇ ಮುಂದಿಡುತ್ತಾರೆ: 320, 400, 480. ಕೊಳ್ಳುವವರೂ ಅದನ್ನೇ ಕೇಳುತ್ತಾರೆ, ನಾನೂ ಕೇಳಿದೆ. ಮೂರು ವರ್ಷದ ನಂತರ ನನಗೆ ಅನ್ನಿಸುವುದೆಂದರೆ, ಕೇಳಬೇಕಾದ ಮೊದಲ ಪ್ರಶ್ನೆ ಲೀಟರಿನದಲ್ಲ, ಕಿಲೋವಿನದು. ಟಾಪಿನ ಮೇಲೆ ಎಷ್ಟು ಭಾರ ಹೇರಬಹುದು ಎಂಬುದಕ್ಕೆ ಮೂರು ಮಿತಿಗಳಿರುತ್ತವೆ: ಕಾರಿನ ಕೈಪಿಡಿಯದು, ಬಾರ್‌ಗಳದು, ಬಾಕ್ಸಿನದು. ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಜವಾದ ಮಿತಿ. ನಮ್ಮ ಜೋಡಣೆಯಲ್ಲಿ ಅದು 50 ಕೆ.ಜಿ. ಆಗಿತ್ತು. ಇದರಲ್ಲಿ ಬಾರ್‌ಗಳ ಮತ್ತು ಬಾಕ್ಸಿನ ಸ್ವಂತ ತೂಕವೂ ಸೇರುತ್ತದೆ ಎಂಬುದನ್ನು ನಾನು ಬಿಲ್ಲು ಪಾವತಿಸಿದ ಮೇಲೆ ಓದಿದೆ. ಬಾರ್‌ಗಳು 5 ಕೆ.ಜಿ., ಬಾಕ್ಸು 14 ಕೆ.ಜಿ.; ಉಳಿದದ್ದು 31 ಕೆ.ಜಿ. ನಾನೂರು ಲೀಟರಿನ ಪೆಟ್ಟಿಗೆಯೊಳಗೆ ಮೂವತ್ತೊಂದು ಕಿಲೋ ಎಂದರೆ, ಅದರೊಳಗೆ ಇಡಬಹುದಾದದ್ದು ಗಾತ್ರ ದೊಡ್ಡದಾಗಿ ತೂಕ ಹಗುರವಾದ ವಸ್ತುಗಳನ್ನು ಮಾತ್ರ: ಹೊದಿಕೆ, ದಿಂಬು, ಸ್ವೆಟರು, ಮಳೆಯಂಗಿ, ಮಕ್ಕಳ ಚೆಂಡು, ಗಾಳಿ ತುಂಬುವ ಈಜುಬಳೆ. ಸೂಟ್‌ಕೇಸುಗಳು ಡಿಕ್ಕಿಯಲ್ಲಿಯೇ ಇರಬೇಕು. ಇದು ನಾವು ಮೊದಲು ಯೋಚಿಸಿದ್ದಕ್ಕೆ ತೀರ ವಿರುದ್ಧವಾದ ವ್ಯವಸ್ಥೆ, ಆದರೆ ಇದೇ ಸರಿಯಾದದ್ದು. ಭಾರ ಮೇಲಕ್ಕೇರಿದಷ್ಟೂ ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ ಎಂಬುದನ್ನು ದೇವಿಮನೆ ಘಟ್ಟದ ಒಂದೆರಡು ತಿರುವುಗಳಲ್ಲಿಯೇ ಹಿಂದೆ ಕೂತವರು ಹೇಳಿಬಿಡುತ್ತಾರೆ.

ಹೋಗುವಾಗ ಈ ಶಿಸ್ತು ಸುಲಭ, ಬರುವಾಗ ಕಷ್ಟ. ಶಿರಸಿಯ ಮನೆಯಿಂದ ಅಳಿಯ ಬರಿಗೈಯಲ್ಲಿ ಹೊರಡುವುದುಂಟೆ? 2023ರ ಮೇ ತಿಂಗಳಲ್ಲಿ ಹೊರಡುವ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಮಾವ ಬಾಕ್ಸಿನ ತುಂಬ ಸುಲಿದ ತೆಂಗಿನಕಾಯಿ ಜೋಡಿಸಿದ್ದರು. ಮೂಲೆಯಲ್ಲಿ ಹಲಸಿನ ಹಪ್ಪಳದ ಡಬ್ಬ, ಅದರ ಪಕ್ಕಕ್ಕೆ ನೀರಾಗಿರುವ ಜೋನಿ ಬೆಲ್ಲದ ಡಬ್ಬ. "ಇನ್ನೂ ಹತ್ತು ಕಾಯಿ ಹಿಡೀತದಲ್ಲ" ಎಂದು ಅವರು ಅಂಗಳದಲ್ಲಿ ನಿಂತು ಸಂತೋಷಪಡುತ್ತಿದ್ದರು. ಸುಲಿದ ಕಾಯಿಯೊಂದು ಅರ್ಧ ಕಿಲೋಗಿಂತ ಮೇಲಿರುತ್ತದೆ. ಐವತ್ತು ಕಾಯಿಗೇ ನಮ್ಮ ಮಿತಿ ಹತ್ತಿರ ಹತ್ತಿರ ಮುಗಿದಿತ್ತು. ಮುಚ್ಚಳ ಹಾಕಿ ಬೀಗ ತಿರುಗಿಸಿದರೆ ಕೀಲಿ ಹೊರಗೆ ಬರಲಿಲ್ಲ. ಎಲ್ಲ ಕೊಂಡಿಗಳೂ ಪೂರ್ತಿ ಕೂತರೆ ಮಾತ್ರ ಕೀಲಿ ಹೊರಬರುವಂತೆ ಒಳ್ಳೆಯ ಬಾಕ್ಸುಗಳಲ್ಲಿ ಮಾಡಿರುತ್ತಾರೆ, ಮತ್ತು ಅದು ಎಚ್ಚರಿಕೆಯೇ ಹೊರತು ಬೀಗದ ದೋಷವಲ್ಲ. ತಳ ನಡುವಿನಲ್ಲಿ ಜಗ್ಗಿದ್ದರಿಂದ ಒಂದು ಕೊಂಡಿ ತನ್ನ ಜಾಗಕ್ಕೆ ಕೂರುತ್ತಿರಲಿಲ್ಲ. ನಾನು ಮೇಲಿನಿಂದ ಎರಡೂ ಅಂಗೈ ಊರಿ ಒತ್ತಿದೆ, ಹೆಂಡತಿ ಕೀಲಿ ಎಳೆದಳು, ಹೊರಟೆವು.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ಕಾಣುವ ಕಡೆ, ಆ ಯಂತ್ರಗಳನ್ನು ಅಲ್ಲಿ ಏಕೆ ನೆಟ್ಟಿದ್ದಾರೆ ಎಂಬುದು ಬಾಕ್ಸ್ ಹೊತ್ತ ಕಾರಿನ ಚಾಲಕನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಡ್ಡಗಾಳಿ ಬೀಸಿದಾಗ ಸ್ಟಿಯರಿಂಗು ಒಂದು ಕಡೆಗೆ ಎಳೆಯಿತು, ಮೇಲಿನಿಂದ ತಗಡು ಬಡಿದಂತಹ ಸದ್ದು ಬಂತು. ನಿಲ್ಲಿಸಿ ನೋಡಿದರೆ ಮುಚ್ಚಳದ ಮುಂದಿನ ಮೂಲೆ ಎರಡು ಬೆರಳಿನಷ್ಟು ಮೇಲೆದ್ದಿತ್ತು ಮತ್ತು ಕೀಲಿನ ಬುಡದಲ್ಲಿ ಪ್ಲಾಸ್ಟಿಕ್ಕು ಸೀಳಿತ್ತು. ಜೋನಿ ಬೆಲ್ಲದ ಡಬ್ಬ ಅಡ್ಡಬಿದ್ದು ಬೆಲ್ಲ ಹೊದಿಕೆಗಳಿಗೆ ಇಳಿದಿತ್ತು. ಕಾಯಿಗಳನ್ನೆಲ್ಲ ಮಕ್ಕಳ ಕಾಲ ಬುಡಕ್ಕೆ ಇಳಿಸಿಕೊಂಡು ಬೆಂಗಳೂರು ಸೇರಿದೆವು. ಕೀಲು ಬದಲಾಯಿಸಲು 1,800 ರೂಪಾಯಿ ಖರ್ಚಾಯಿತು. ಇರುವೆಗಳನ್ನು ಬಾಕ್ಸಿನಿಂದ ಓಡಿಸಲು ಒಂದು ವಾರ ಹಿಡಿಯಿತು. ಅಂದಿನಿಂದ 300 ರೂಪಾಯಿಯ ಕೊಕ್ಕೆ ತಕ್ಕಡಿಯೊಂದು ಬಾಕ್ಸಿನೊಳಗೇ ವಾಸವಾಗಿದೆ. ಅದನ್ನು ಈಗ ಮಾವನೇ ಹಿಡಿದು ತೂಗುತ್ತಾರೆ, ಮತ್ತು ಅವರ ಲೆಕ್ಕ ನನ್ನದಕ್ಕಿಂತ ಕಟ್ಟುನಿಟ್ಟು.

ಪೆಟ್ರೋಲಿನ ವಿಷಯಕ್ಕೆ ಬಂದರೆ, ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ; 80ರಿಂದ 100ಕ್ಕೆ ಹೋದರೆ ತಡೆ ಕಾಲು ಭಾಗವಲ್ಲ, ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ನಮ್ಮ ಕಾರು ಇದೇ ದಾರಿಯಲ್ಲಿ ಬಾಕ್ಸಿಲ್ಲದೆ ಲೀಟರಿಗೆ 17.5 ಕಿ.ಮೀ. ಕೊಡುತ್ತದೆ. ಬಾಕ್ಸ್ ಕಟ್ಟಿ 100ರಲ್ಲಿ ಓಡಿಸಿದಾಗ 14ಕ್ಕೆ ಇಳಿಯಿತು, 80ರ ಆಸುಪಾಸಿನಲ್ಲಿ ಓಡಿಸಿದಾಗ 16 ಬಂತು. ಶಿರಸಿಯವರೆಗೆ ಒಂದು ಕಡೆಗೆ ಆರು ಲೀಟರ್ ಹೆಚ್ಚು ಸುಡುವುದೋ ಎರಡು ಲೀಟರೋ ಎಂಬುದು ಬಾಕ್ಸಿಗಿಂತ ಬಲಗಾಲಿಗೆ ಸೇರಿದ್ದು. ಖಾಲಿ ಬಾರ್‌ಗಳನ್ನು ವರ್ಷವಿಡೀ ಹಾಗೆಯೇ ಬಿಟ್ಟುಕೊಳ್ಳುವುದು ಮಾತ್ರ ಶುದ್ಧ ನಷ್ಟ. ಜೊತೆಗೆ ಅವು ಒಂದು ವೇಗ ದಾಟಿದ ಮೇಲೆ ಕೊಳಲಿನಂತೆ ಊದತೊಡಗುತ್ತವೆ. ಮುಂಬದಿಯ ಬಾರ್‌ಗೆ ತೆಳುವಾದ ಹಗ್ಗವನ್ನು ಸುರುಳಿಯಾಗಿ ಸುತ್ತಿದರೆ ಗಾಳಿ ಒಂದೇ ಲಯದಲ್ಲಿ ಸುಳಿಗಟ್ಟುವುದು ತಪ್ಪಿ ಆ ಊದು ನಿಲ್ಲುತ್ತದೆ; ಒಬ್ಬ ಮೆಕ್ಯಾನಿಕ್ ಹೇಳಿಕೊಟ್ಟ ಈ ಉಪಾಯಕ್ಕೆ ಇಪ್ಪತ್ತು ರೂಪಾಯಿಯೂ ಖರ್ಚಿಲ್ಲ.

ಎತ್ತರ ಇನ್ನೊಂದು ಪಾಠ. ಎರ್ಟಿಗಾ 1,690 ಮಿ.ಮೀ. ಎತ್ತರದ ಕಾರು. ಬಾರ್ ಮತ್ತು ಬಾಕ್ಸ್ ಸೇರಿ ನಮ್ಮದು ನೆಲದಿಂದ 219 ಸೆಂ.ಮೀ. ಆಗುತ್ತದೆ. ನಗರದ ನೆಲಮಾಳಿಗೆಯ ಪಾರ್ಕಿಂಗ್‌ಗಳಲ್ಲಿ 2.1 ಮೀಟರಿನ ಫಲಕ ಸಾಮಾನ್ಯ. ತುಮಕೂರು ರಸ್ತೆಯಲ್ಲಿ ಊಟಕ್ಕೆಂದು ಒಂದು ಮಾಲಿಗೆ ಹೋದಾಗ, ತಲೆಯ ಮೇಲೊಂದು ಪೆಟ್ಟಿಗೆಯಿದೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ತೂಗುಬಿಟ್ಟ ಎಚ್ಚರಿಕೆಯ ಕೊಳವೆ ಬಾಕ್ಸಿಗೆ ಬಡಿದಾಗ ನೆನಪಾಯಿತು. ಈಗ ಬಾಕ್ಸ್ ಕಟ್ಟಿದ ದಿನ ಡ್ಯಾಶ್‌ಬೋರ್ಡಿಗೆ "219" ಎಂದು ಬರೆದ ಚೀಟಿ ಅಂಟಿಸುತ್ತೇನೆ. ಹಳ್ಳಿಯ ಕಡೆ ಬಾಗಿದ ಮರದ ಕೊಂಬೆ ಮತ್ತು ಮನೆಗೆ ಎಳೆದ ಕರೆಂಟಿನ ತಂತಿಗೆ ಫಲಕವೂ ಇರುವುದಿಲ್ಲ.

ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಪರೀಕ್ಷಿಸಬೇಕಾದದ್ದು, ಬಾಕ್ಸ್ ಕೂರಿಸಿದ ಮೇಲೆ ಡಿಕ್ಕಿಯ ಬಾಗಿಲು ಪೂರ್ತಿ ಮೇಲಕ್ಕೆ ಏಳುತ್ತದೆಯೇ ಎಂಬುದು. ನಮ್ಮದನ್ನು ಹತ್ತು ಸೆಂ.ಮೀ. ಮುಂದಕ್ಕೆ ಸರಿಸಬೇಕಾಯಿತು. ಇದಕ್ಕಿಂತ ಮುಖ್ಯವಾದದ್ದು ಮುಚ್ಚಳ ಯಾವ ಬದಿಗೆ ತೆರೆಯುತ್ತದೆ ಎಂಬುದು, ಮತ್ತು ಅಲ್ಲಿ ನಾನು ಸಂಪೂರ್ಣ ಎಡವಿದೆ. ನಮ್ಮ ಬಾಕ್ಸು ಬಲಬದಿಗೆ ಮಾತ್ರ ತೆರೆಯುತ್ತದೆ. ರಸ್ತೆಯ ಬಲಬದಿಯಲ್ಲಿ ವಾಹನ ಓಡಿಸುವ ದೇಶಗಳಲ್ಲಿ ಅದು ಫುಟ್‌ಪಾತಿನ ಕಡೆ. ಎಡಬದಿಯಲ್ಲಿ ಓಡಿಸುವ ನಮಗೆ ಲಾರಿಗಳು ಹಾಯುವ ಕಡೆ. ಇದರ ಕಹಿ 2024ರ ಏಪ್ರಿಲ್‌ನಲ್ಲಿ ಅನುಭವಕ್ಕೆ ಬಂತು. ಲೋಕಸಭಾ ಚುನಾವಣೆಯ ಚೆಕ್‌ಪೋಸ್ಟುಗಳಲ್ಲಿ ಕಪ್ಪು ಪೆಟ್ಟಿಗೆ ಹೊತ್ತ ಕಾರನ್ನು ಯಾರು ತಾನೇ ಬಿಟ್ಟಾರು? ಮೂರು ಕಡೆ ನಿಲ್ಲಿಸಿದರು, ಮೂರು ಕಡೆಯೂ ನಾನು ಹೆದ್ದಾರಿಯ ಕಡೆಗೆ ಬೆನ್ನು ಮಾಡಿ ಮುಚ್ಚಳ ಎತ್ತಿ ದಿಂಬುಗಳನ್ನು ತೋರಿಸಿದೆ. ಸಿಬ್ಬಂದಿಯ ವರ್ತನೆ ಸೌಜನ್ಯದ್ದೇ ಆಗಿತ್ತು. ಒಬ್ಬರು ಇದರ ಬೆಲೆ ಕೇಳಿ, ಕೇಳಬಾರದಿತ್ತು ಎಂಬಂತೆ ತಲೆಯಾಡಿಸಿದರು. ಎರಡೂ ಬದಿಗೆ ತೆರೆಯುವ ಬಾಕ್ಸಿಗೆ ಐದಾರು ಸಾವಿರ ಹೆಚ್ಚು ಕೇಳಿದರೂ ಕೊಡಿ.

ಬಾಳಿಕೆಯ ಬಗ್ಗೆ ದೊಡ್ಡ ದೂರಿಲ್ಲ. ಮೂರು ಮಳೆಗಾಲದಲ್ಲಿ ಒಳಗೆ ನೀರು ಬಂದದ್ದು ಒಮ್ಮೆ, ಅದೂ ಅಂಚಿನ ರಬ್ಬರು ಬಿಸಿಲಿಗೆ ಗಡಸಾಗಿದ್ದರಿಂದ. ಬದಲಾಯಿಸಿದ ಮೇಲೆ ಸರಿಯಾಯಿತು. ಮುಚ್ಚಳದ ಕಪ್ಪು ಬಣ್ಣ ಬೂದಿಗೆ ತಿರುಗಿದೆ. ಕ್ಲಾಂಪಿನ ಕೆಳಗೆ ದೂಳು ಉಳಿದು ಬಾಗಿಲ ಚೌಕಟ್ಟಿನ ಬಣ್ಣ ಎರಡು ಕಡೆ ಉಜ್ಜಿಹೋಗಿದೆ, ಆದ್ದರಿಂದ ಕಟ್ಟುವ ಮೊದಲು ಒದ್ದೆ ಬಟ್ಟೆಯಿಂದ ಒರೆಸುವುದು ಕಡ್ಡಾಯ. ಹೊರಟು ಐವತ್ತು ಕಿ.ಮೀ. ಆದ ಮೇಲೆ, ನಮ್ಮ ಲೆಕ್ಕದಲ್ಲಿ ದಾಬಸ್‌ಪೇಟೆಯ ತಿಂಡಿಯ ಹೊತ್ತಿಗೆ, ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದು ನೋಡುತ್ತೇನೆ. ಪ್ರತಿ ಸಲವೂ ಕನಿಷ್ಠ ಒಂದು ಬೋಲ್ಟಾದರೂ ಕಾಲು ಸುತ್ತು ಬಿಗಿಯಿಸಿಕೊಳ್ಳುತ್ತದೆ.

ಪ್ರಯಾಣವಿಲ್ಲದ ಹತ್ತು ತಿಂಗಳು ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಈಗಲೂ ಪೂರ್ತಿ ಬಗೆಹರಿದಿಲ್ಲ. ಸುಮಾರು ಒಂದು ಮುಕ್ಕಾಲು ಮೀಟರ್ ಉದ್ದದ ವಸ್ತು ಅಪಾರ್ಟ್‌ಮೆಂಟಿನ ಸಜ್ಜೆಗೆ ಏರುವುದಿಲ್ಲ. ಒಂದು ವರ್ಷ ಬಾಲ್ಕನಿಯಲ್ಲಿ ನಿಲ್ಲಿಸಿದ್ದೆವು, ಅಮ್ಮನ ತುಳಸಿ ಗಿಡಕ್ಕೆ ಬೆಳಕು ತಪ್ಪಿತು. ಈಗ ನಮ್ಮ ಪಾರ್ಕಿಂಗ್ ಜಾಗದ ಗೋಡೆಗೆ ಎರಡು ಬ್ರಾಕೆಟ್ ಹಾಕಿಸಿ ಅಡ್ಡಲಾಗಿ ತೂಗುಹಾಕಿದ್ದೇನೆ. ಮೇಲಿನ ಮಹಡಿಯವರು ಕಳೆದ ಬೇಸಿಗೆಯಲ್ಲಿ ಊಟಿಗೆ ಹೋಗುವಾಗ ಎರವಲು ಕೇಳಿದರು. ಕೀಲಿ, ಬೋಲ್ಟ್ ಬಿಗಿಯುವ ಅಲನ್ ಕೀ, 219ರ ಚೀಟಿ ಮತ್ತು ಕೊಕ್ಕೆ ತಕ್ಕಡಿ ಎಲ್ಲವನ್ನೂ ಒಟ್ಟಿಗೆ ಕೊಟ್ಟು ಕಳಿಸಿದೆ. ಬಾಕ್ಸ್ ಸರಿಯಾಗಿಯೇ ಮರಳಿತು, ತಕ್ಕಡಿ ಇನ್ನೂ ಅವರ ಮನೆಯಲ್ಲಿದೆ.